ಕೆಮ್ಮು, ಲೋಟದ ಸದ್ದು ಎಲ್ಲಾ ಹಾಗೇ ಇರಲಿ

ಮೈಸೂರಿನ ಸರಸ್ವತಿಪುರಂನಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಚಿಕ್ಕಪ್ಪ ಎಂಬತ್ತರ ದಶಕದಲ್ಲಿ ಮುಂಬೈಯಲ್ಲಿ ಕೆಲಸದಲ್ಲಿದ್ದರು. ಜಾಝ್ ಕಛೇರಿಗಳಿಗೆ ಹೋಗಿ ಪುಟ್ಟ ರೆಕಾರ್ಡರಿನಲ್ಲಿ ಹಿಡಿದಿಟ್ಟ ಕ್ಯಾಸೆಟ್‌ಗಳು ಈಗ ನಮ್ಮಲ್ಲಿವೆ. ಗಲಾಟೆ ಜಾಸ್ತಿ. ಸ್ಯಾಕ್ಸೊಫೋನ್ ಭಾಗ ಮಾತ್ರ ಕತ್ತರಿಸಿ, ಬೇಡದ ಸದ್ದು ತೆಗೆದು, ಆಸಕ್ತರಿಗೆ ಹಂಚಬೇಕು ಅಂತಿದ್ದೇನೆ. ಒಬ್ಬರು ದುಡ್ಡು ಕೊಡುತ್ತೇನೆ ಎಂದೂ ಹೇಳಿದ್ದಾರೆ. ಏನು ಮಾಡಲಿ?’

ಹಂಚಿ ಸಾರ್. ಆದರೆ ಮೊದಲು ಆ ಕತ್ತರಿ ಪಕ್ಕಕ್ಕಿಡಿ.

ಜಾಝ್‌ನಲ್ಲಿ ಮಟ್ಟು ಒಂದೇ ಇರಬಹುದು, ಅದರ ಮೇಲೆ ಅವತ್ತು ಏನು ಹೊಳೆಯಿತೋ ಅದೇ ಕಛೇರಿ. ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣೇಶೋತ್ಸವದಲ್ಲಿ ಕೂತು ಕಲ್ಪನಾಸ್ವರ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿಟೀಲಿನವರು ಏನು ಜವಾಬು ಕೊಟ್ಟರು, ಮೃದಂಗದವರು ಎಲ್ಲಿ ಕೈ ತಡೆದರು ಅನ್ನೋದನ್ನೆಲ್ಲ ತೆಗೆದುಹಾಕಿ ಹಾಡಿದವರ ಸ್ವರ ಮಾತ್ರ ಕೇಳಿಸಿದರೆ ನಿಮಗೆ ಸಿಟ್ಟು ಬರುತ್ತೆ, ಅಲ್ವಾ? (ಸ್ಯಾಕ್ಸೊಫೋನ್ ಕೂಡ ನಮ್ಮೂರಿಗೆ ಹೊಸದಲ್ಲ. ಕದ್ರಿ ಗೋಪಾಲನಾಥರಿಗೆ ಅದರ ಹುಚ್ಚು ಹಿಡಿದಿದ್ದು ಮೈಸೂರು ಅರಮನೆ ಬ್ಯಾಂಡಿನಿಂದಲೇ.)

ಡೀನ್ ಬೆನೆಡೆಟ್ಟಿ ಅಂತ ಒಬ್ಬ ಅಮೆರಿಕದವನಿದ್ದ. ತಾನೂ ಸ್ಯಾಕ್ಸೊಫೋನ್ ನುಡಿಸುತ್ತಿದ್ದ, ಜಾಝ್‌ನ ಸ್ಯಾಕ್ಸೊಫೋನ್ ದಿಗ್ಗಜ ಚಾರ್ಲಿ ಪಾರ್ಕರ್ ಅಂದರೆ ಪ್ರಾಣ. 1947–48ರಲ್ಲಿ ರೆಕಾರ್ಡಿಂಗ್ ಮೆಷಿನ್ ಹೊತ್ತುಕೊಂಡು ಕ್ಲಬ್‌ಗಳಿಗೆ ಹೋಗುತ್ತಿದ್ದ. ಪಾರ್ಕರ್ ಊದಲು ಶುರು ಮಾಡಿದರೆ ಆನ್, ನಿಲ್ಲಿಸಿದರೆ ಆಫ್. 1990ರಲ್ಲಿ ಅವೆಲ್ಲ ಡಿಸ್ಕ್ ಆಗಿ ಹೊರಬಂದಾಗ ರಸಿಕರು ಕುಣಿದಾಡಿದರು, ನಿಜ. ಆದರೆ 1948ರ ಪಾರ್ಕರ್ ತಂಡದಲ್ಲಿ ಟ್ರಂಪೆಟ್ಟಿಗೆ ಮೈಲ್ಸ್ ಡೇವಿಸ್, ಡ್ರಮ್ಸಿಗೆ ಮ್ಯಾಕ್ಸ್ ರೋಚ್ ಇದ್ದರು! ಅವರ ಸರದಿ ಬಂದಾಗ ಮೆಷಿನ್ ಆಫ್. ಅವನಿಗೆ ಟೇಪು ದುಬಾರಿ, ಉಳಿಸಿದ. ನಿಮ್ಮ ಚಿಕ್ಕಪ್ಪ ಪೂರ್ತಿ ಹಿಡಿದಿದ್ದಾರೆ, ನೀವ್ಯಾಕೆ ಕತ್ತರಿಸುತ್ತೀರಿ?

ಸದ್ದಿನ ವಿಷಯಕ್ಕೂ ಅಷ್ಟೇ. 1958ರಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಪಿಯಾನೋದ ಥೆಲೋನಿಯಸ್ ಮಾಂಕ್ ಜೊತೆ ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್ ನುಡಿಸಿದ್ದನ್ನು ಕೋಲ್ಟ್ರೇನ್ ಹೆಂಡತಿ ನಯೀಮಾ ಸಣ್ಣ ಮೆಷಿನ್ನಿನಲ್ಲಿ ಹಿಡಿದಿದ್ದರು. ಧ್ವನಿ ಮಸುಕು ಮಸುಕು. ಆದರೂ 1993ರಲ್ಲಿ ದೊಡ್ಡ ಕಂಪನಿಯೇ ಅದನ್ನು ಹೊರತಂದಿತು. ಮೊದಲು ಅದನ್ನು 1957ರದ್ದು ಅಂದುಕೊಂಡಿದ್ದರಂತೆ. ಅದಕ್ಕೇ, ಕ್ಯಾಸೆಟ್ ರಟ್ಟಿನ ಮೇಲೆ ಚಿಕ್ಕಪ್ಪ ಗೀಚಿದ ತಾರೀಕು, ಹೆಸರು, ಕೊನೆಗೆ ಒಳಗೆ ಸಿಕ್ಕಿಕೊಂಡಿರುವ ಟಿಕೆಟ್ಟು, ಎಲ್ಲಾ ಫೋಟೋ ತೆಗೆದಿಡಿ.

ಡಿಜಿಟಲ್ ಮಾಡುವ ಮುಂಚೆ ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದುಬಿಡಿ. ಆಮೇಲೆ ಯಾರಾದರೂ ಸುಮ್ನೆ ಕೆಂಪು ಬಟನ್ ಒತ್ತಿದರೂ ಅಳಿಸಿಹೋಗಲ್ಲ. ಪ್ಲೇಯರಿನೊಳಗೆ ಟೇಪು ತಾಗುವ ಹೆಡ್ ಒರೆಸಿ. ಟೇಪು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ಸುತ್ತಿ. ಇನ್ನೊಂದು, ರೆಕಾರ್ಡ್ ಮಾಡುವಾಗ ಬ್ಯಾಟರಿ ಇಳಿದಿದ್ದರೆ ಟೇಪು ನಿಧಾನ ಓಡಿರುತ್ತೆ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಕಛೇರಿ ಮುಂದುವರಿದಂತೆ ಶ್ರುತಿ ಮೇಲೇರುತ್ತಾ ಹೋಗುತ್ತೆ. ಅದನ್ನು ಸರಿಮಾಡಬೇಕು ಅನಿಸಿದರೆ ಬೇರೊಂದು ಕಾಪಿಯಲ್ಲಿ ಮಾಡಿ. ಮೊದಲ ಕಾಪಿ ಇದ್ದಂತೆಯೇ ಇರಲಿ, ಸದ್ದನ್ನು ಕುಗ್ಗಿಸಿಡುವ ಎಂಪಿ3 ಅಲ್ಲ, ವೇವ್ (WAV) ಫೈಲಿನಲ್ಲಿ.

ಇನ್ನು ದುಡ್ಡು. ಬೇಡ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದರಿಗೆ ತಮ್ಮ ಕಛೇರಿ ಮೇಲೆ 50 ವರ್ಷ ಹಕ್ಕಿರುತ್ತೆ, ಎಂಬತ್ತರ ದಶಕಕ್ಕೆ ಅಷ್ಟಿನ್ನೂ ಆಗಿಲ್ಲ. ಮನೆಯಲ್ಲಿ ಕೇಳೋಕೆ ರೆಕಾರ್ಡ್ ಮಾಡಿಕೊಂಡಿದ್ದು ಬೇರೆ, ಊರಿಗೆಲ್ಲ ಹಂಚೋದು ಬೇರೆ. ನುಡಿಸಿದವರು ಅಥವಾ ಅವರ ಮನೆಯವರು ಸಿಕ್ಕರೆ ಮೊದಲು ಒಂದು ಕಾಪಿ ಅವರಿಗೇ ಕಳಿಸಿ ಒಂದು ಮಾತು ಕೇಳಿ. ಅವರು ಹೂಂ ಅಂದ ಮೇಲೆ ಉಳಿದವರಿಗೆ ಕೊಡಿ, ಬಿಟ್ಟಿಯಾಗಿ. ಜಾಝ್ ಟೇಪಿನವರಲ್ಲಿ ಟೇಪಿಗೆ ಟೇಪು ಬದಲಿಸಿಕೊಳ್ಳುವ ರೂಢಿ ಮೊದಲಿಂದಲೂ ಇದೆ. ದುಡ್ಡು ಕೊಡುತ್ತೇನೆ ಅಂದ ಮಹಾಶಯರನ್ನು ನಿಮ್ಮ ಹತ್ತಿರ ಏನಿದೆ ತೋರಿಸಿ ಅಂತ ಕೇಳಿ ನೋಡಿ. ಮೂಲ ಕ್ಯಾಸೆಟ್ ಮಾತ್ರ ಯಾರ ಕೈಗೂ ಕೊಡಬೇಡಿ, ನಮ್ಮ ಆಫೀಸಿಗೂ ಕಳಿಸಬೇಡಿ.

– ಸಂ.