ಮೇಲಂತಸ್ತು ಹಗುರಿರಲಿ, ಸೀಸ ತಳದಲ್ಲಿರಲಿ

ಪ್ರಶ್ನೆ: 90 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲದ ಮೂರಂತಸ್ತಿನ ಪ್ರಯಾಣಿಕರ ದೋಣಿಯ ಮಾದರಿ ಮಾಡಿ, ರಿಮೋಟ್ ಕೂರಿಸಿದ್ದೇನೆ. ಮೇಲಂತಸ್ತುಗಳು 4 ಮಿ.ಮೀ. ಪ್ಲೈವುಡ್‌ನವು. ಆಲಮಟ್ಟಿ ಹಿನ್ನೀರಿನಲ್ಲಿ ತಿರುಗಿಸಿದರೆ ಹೊರಮಗ್ಗುಲಿಗೆ ವಾಲುತ್ತದೆ, ಬೇಗ ನೆಟ್ಟಗಾಗುವುದಿಲ್ಲ. ಏನು ಮಾಡಲಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ತಪ್ಪು ಪ್ಲೈವುಡ್‌ನದು. ಅದು ಚದರ ಮೀಟರಿಗೆ ಸುಮಾರು 2.4 ಕಿಲೊ ತೂಗುತ್ತದೆ. 70x18 ಸೆಂ.ಮೀ.ನ ಮೂರು ಹಾಸುಗಳೇ 900 ಗ್ರಾಂ ಆದವು, ಗೋಡೆ, ಕಟಕಟೆ ಬೇರೆ. ಅದೇ ಹಾಸುಗಳನ್ನು 2 ಮಿ.ಮೀ. ಬಾಲ್ಸಾದಲ್ಲಿ (ತೀರಾ ಹಗುರಾದ ಮರ) ಮಾಡಿದರೆ 120 ಗ್ರಾಂ ಆಸುಪಾಸು. ಸನ್‌ಬೋರ್ಡ್ (ಪ್ಲಾಸ್ಟಿಕ್ ಫೋಮ್ ಹಲಗೆ) ಕೈಗೆ ಹಗುರ ಅನ್ನಿಸುತ್ತದೆ, ತಕ್ಕಡಿಗೆ ಹಾಗನ್ನಿಸುವುದಿಲ್ಲ, ತೂಗಿಯೇ ಕೊಳ್ಳಿ.

ಮೊದಲು ಲೆಕ್ಕ. ದೋಣಿ 5 ಸೆಂ.ಮೀ. ಮುಳುಗಬೇಕು ಅಂದುಕೊಳ್ಳಿ. ಉದ್ದ, ಅಗಲ, ಆಳ ಗುಣಿಸಿ, ಒಡಲಿನ ತುದಿಗಳು ಚೂಪಾಗಿರುವುದರಿಂದ 0.6ರಿಂದ ಮತ್ತೆ ಗುಣಿಸಿದರೆ 5,940 ಘನ ಸೆಂ.ಮೀ. ಸಿಹಿನೀರಿನಲ್ಲಿ ಒಂದು ಘನ ಸೆಂ.ಮೀ.ಗೆ ಒಂದು ಗ್ರಾಂ. ಅಂದರೆ ದೋಣಿಯ ಒಟ್ಟು ತೂಕ 5.9 ಕಿಲೊ. ಒಡಲಿಗೆ 1.6, ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿಗೆ 2.2, ಮೋಟಾರು, ಚುಕ್ಕಾಣಿ ತಿರುಗಿಸುವ ಸರ್ವೊ, ಪ್ರೊಪೆಲರ್ ತಿರುಗಿಸುವ ಶಾಫ್ಟ್ ಮೂರಕ್ಕೂ ಸೇರಿ 0.7, ಮೇಲಂತಸ್ತಿಗೆ ಗರಿಷ್ಠ 0.6 ಕಿಲೊ. ಉಳಿದ 800 ಗ್ರಾಂ ಸೀಸವಾಗಿ ಕೀಲ್‌ನ (ತಳದ ನಡುವಿನ ಉದ್ದ ಪಟ್ಟಿಯ) ಮೇಲೆ, ಆದಷ್ಟು ತಳಕ್ಕೆ ಹೋಗಲಿ. ಬ್ಯಾಟರಿಯನ್ನು ನಿಲ್ಲಿಸಬೇಡಿ, ಮಗ್ಗುಲಾಗಿ ಮಲಗಿಸಿ. ಎತ್ತರ 94ರಿಂದ 65 ಮಿ.ಮೀ.ಗೆ ಇಳಿದು, ಬ್ಯಾಟರಿಯ ಭಾರದ ಕೇಂದ್ರವೂ ಅದರ ಅರ್ಧದಷ್ಟು, ಸುಮಾರು 15 ಮಿ.ಮೀ. ಕೆಳಗೆ ಬರುತ್ತದೆ. ಸೀಲ್ ಮಾಡಿದ ಬ್ಯಾಟರಿಗೆ ಇದರಿಂದ ತೊಂದರೆಯಿಲ್ಲ, ಬೋರಲು ಮಾತ್ರ ಹಾಕಬಾರದು.

ಹಿನ್ನೀರಿಗೆ ಒಯ್ಯುವ ಮೊದಲು ಮನೆಯ ನೀರಿನ ತೊಟ್ಟಿಯಲ್ಲೇ ಪರೀಕ್ಷಿಸಿ. ಅಂಚನ್ನು ಒತ್ತಿ ಬಿಟ್ಟು, ಐದು ತೂಗಾಟಕ್ಕೆ ಎಷ್ಟು ಸೆಕೆಂಡ್ ಎಂದು ನೋಡಿ. ಒಂದು ತೂಗಾಟಕ್ಕೆ ಸೆಕೆಂಡಿನ ಆಸುಪಾಸು ಸಾಕು. ಎರಡು ಸೆಕೆಂಡ್ ದಾಟಿತೋ, ಮೇಲ್ಭಾರ ಹೆಚ್ಚಾಗಿದೆ, ತಿರುವಿನಲ್ಲಿ ಮಗುಚುತ್ತದೆ.

ವೇಗವನ್ನೂ ಇಳಿಸಿ. ವೇಗ ಇಮ್ಮಡಿಯಾದರೆ ವಾಲಿಸುವ ಬಲ ನಾಲ್ಕು ಪಟ್ಟು. 1:30 ಅಳತೆಯ ಮಾದರಿಯ ವೇಗ ಸಿಗಬೇಕಾದರೆ ನಿಜ ದೋಣಿಯ ವೇಗವನ್ನು 30ರ ವರ್ಗಮೂಲದಿಂದ, ಎಂದರೆ 5.5ರಿಂದ ಭಾಗಿಸಬೇಕು. ಅದು ಗಂಟೆಗೆ 18 ಕಿ.ಮೀ. ಹೋಗುವುದಾದರೆ ಇದು 3.3 ಕಿ.ಮೀ. ಹೋದರೆ ಚೆಂದ. ರೇಸ್ ಬೋಟಿನಂತೆ ನೊರೆ ಹಾರಿಸುವ ಪ್ರಯಾಣಿಕರ ದೋಣಿ ನೋಡಲೂ ಆಭಾಸ. ಎತ್ತರದ ಮೈಗೆ ಗಾಳಿ ಹೊಡೆತವೂ ಜಾಸ್ತಿ, ಬೆಳಿಗ್ಗೆ ಗಾಳಿ ಏಳುವ ಮೊದಲೇ ಬಿಡಿ.

ಪ್ರಶ್ನೆ: ಶಾಫ್ಟ್ ಕೊಳವೆಯಿಂದ ನೀರು ಒಳಗೆ ಬರುತ್ತಿದೆ. ಮೋಟಾರು ಗರಗರ ಎನ್ನುತ್ತ ಬಿಸಿಯೂ ಆಗುತ್ತದೆ.
– ಓದುಗರು, ಬೆಳಗಾವಿ

ಉತ್ತರ: ಎರಡಕ್ಕೂ ಕಾರಣ ಬೇರೆ. ಕೊಳವೆಯ ಒಳತುದಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಸೋರಿಕೆಯ ಮಾತೇ ಇಲ್ಲ. ಅಷ್ಟು ಏರಿಸಲು ಇಳಿಜಾರು ಸಿಗದಿದ್ದರೆ ಕೊಳವೆಯ ನಡುವೆ ಸಣ್ಣ ನಳಿಕೆ ಬೆಸೆದು ನೀರು ನಿಲ್ಲದ ಗ್ರೀಸ್ ತುಂಬಿ. ಕೋಟೆ ಕೆರೆಯಂಥ ಕಡೆ ಪಾಚಿ, ದಾರ ಶಾಫ್ಟಿಗೆ ಸುತ್ತಿಕೊಂಡರೂ ಗ್ರೀಸ್ ಹೊರಬರುತ್ತದೆ, ಆಗಾಗ ನೋಡಿಕೊಳ್ಳಿ.

ಗರಗರ ಶಬ್ದ ಶಾಫ್ಟೂ ಮೋಟಾರೂ ಒಂದೇ ಗೆರೆಯಲ್ಲಿಲ್ಲದ್ದರಿಂದ. ಎರಡನ್ನೂ ಜೋಡಿಸುವ ಯುನಿವರ್ಸಲ್ ಕಪ್ಲಿಂಗ್ ತುಸು ಸೊಟ್ಟ ತಡೆದುಕೊಳ್ಳುತ್ತದೆ ಎಂದು ಸೊಟ್ಟ ಕೂರಿಸಬಾರದು. ಕಪ್ಲಿಂಗ್ ಬದಲು ಬಿಗಿಯಾದ ಹಿತ್ತಾಳೆ ನಳಿಕೆ ತೊಡಿಸಿ ಎರಡನ್ನೂ ನೇರ ಮಾಡಿ, ಆ ಸ್ಥಿತಿಯಲ್ಲೇ ಮೋಟಾರಿನ ಪೀಠವನ್ನು ಎಪಾಕ್ಸಿಯಿಂದ (ಎರಡು ದ್ರವ ಕಲೆಸಿ ಮಾಡುವ ಗಟ್ಟಿ ಅಂಟು) ಅಂಟಿಸಿ. ಗಟ್ಟಿಯಾದ ಮೇಲೆ ನಳಿಕೆ ತೆಗೆದು ಕಪ್ಲಿಂಗ್ ಹಾಕಿ. ಆಮೇಲೂ ಬಿಸಿಯಾದರೆ ಪ್ರೊಪೆಲರ್ ದೊಡ್ಡದು, 40 ಮಿ.ಮೀ. ಇದ್ದರೆ 35 ಮಿ.ಮೀ. ಹಾಕಿ ನೋಡಿ.

ಪ್ರಶ್ನೆ: ಬೇಸಿಗೆಯಲ್ಲಿ ಎಪಾಕ್ಸಿ ಕಪ್ಪಿನಲ್ಲೇ ಹೊಗೆಯಾಡಿ ಗಟ್ಟಿಯಾಗುತ್ತದೆ.
– ಓದುಗರು, ವಿಜಯಪುರ

ಉತ್ತರ: ಬಿಸಿಲು 40 ಡಿಗ್ರಿ ಇದ್ದಾಗ ಇದು ಸಹಜ. ಉಷ್ಣಾಂಶ 10 ಡಿಗ್ರಿ ಏರಿದಂತೆ ಕೆಲಸಕ್ಕೆ ಸಿಗುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಡಬ್ಬಿಯ ಮೇಲಿನ 30 ನಿಮಿಷ ನಿಮ್ಮಲ್ಲಿ ಹತ್ತಕ್ಕೆ ಬರುತ್ತದೆ. ಕಪ್ಪಿನಲ್ಲಿ ಒತ್ತಾಗಿದ್ದರೆ ಬಿಸಿ ಹೊರಹೋಗದು. ಅಗಲ ತಟ್ಟೆಯಲ್ಲಿ 20-30 ಗ್ರಾಂ ಮಾತ್ರ ಕಲೆಸಿ, ಬೆಳಗಿನ ಜಾವವೇ ಕೆಲಸ ಮುಗಿಸಿ. ಕೆಲಸಕ್ಕೆ ಹೆಚ್ಚು ಸಮಯ ಸಿಗಲೆಂದು ಅಂಟನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಕಡಿಮೆ ಹಾಕಬೇಡಿ, ಒಡಲು ಎಂದೆಂದಿಗೂ ಅಂಟಂಟಾಗಿಯೇ ಉಳಿಯುತ್ತದೆ.