ನೀವು ಇನ್ನೆಷ್ಟು ಸಾಕ್ಷಿ ಕೊಡಬೇಕು?

(ಈ ವಾರದ ಪತ್ರವನ್ನು ಕಲ್ಪಿಸಿಕೊಂಡವಳು ನಾನು. ಅದರೊಳಗಿನ ಬದುಕು ಮಾತ್ರ ಕ್ರಿ.ಪೂ. 87ರ ಚೀನಾದಲ್ಲಿ, ಹಾನ್ ಸಾಮ್ರಾಟರ ಆಸ್ಥಾನದಲ್ಲಿ ಒಬ್ಬ ಶಿಯೋಂಗ್ನು (ಹಾನ್ ಗಡಿಯ ಉತ್ತರದ ಅಲೆಮಾರಿ ಜನಾಂಗ) ರಾಜಪುತ್ರ ನಿಜವಾಗಿ ಬಾಳಿದ್ದು.)

ಪ್ರಶ್ನೆ: ನಾನು ಶಿಯೋಂಗ್ನು ಜನಾಂಗದ ಶಿಯೂಟು ರಾಜನ ಹಿರಿಯ ಮಗ. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿ ಮತ್ತು ತಮ್ಮನೊಂದಿಗೆ ಗುಲಾಮನಾಗಿ ಇಲ್ಲಿಗೆ ಬಂದು ಅರಮನೆಯ ಕುದುರೆ ಲಾಯ ಸೇರಿದೆ. ಈಗ ಸಾಮ್ರಾಟ ವೂ ಮರಣಶಯ್ಯೆಯಲ್ಲಿದ್ದಾರೆ. ಉತ್ತರಾಧಿಕಾರಿ ಎಂಟು ವರ್ಷದ ಬಾಲಕ. ಅವನ ಪರವಾಗಿ ಆಳುವವರಲ್ಲಿ ಮೊದಲ ಸ್ಥಾನ ನನ್ನದಾಗಲಿ ಎಂದು ಆಸ್ಥಾನದ ಹಿರಿಯ ಅಧಿಕಾರಿ ಹ್ವೊ ಗ್ವಾಂಗ್ ಹೇಳುತ್ತಾರೆ. ನಾನು ಹೊರಗಿನವನು, ಒಪ್ಪಿಕೊಂಡರೆ ಶಿಯೋಂಗ್ನುಗಳು ಹಾನ್ ಸಾಮ್ರಾಜ್ಯವನ್ನು ಹಗುರವಾಗಿ ಕಾಣುತ್ತಾರೆ. ಏನು ಮಾಡಲಿ?
– ಜಿನ್ ಮಿದಿ

ಮಾನ್ಯರೇ,

ಮೊದಲ ಸ್ಥಾನವನ್ನು ಹ್ವೊ ಗ್ವಾಂಗರಿಗೇ ಬಿಡಿ, ಅವರ ಪಕ್ಕದ ಸ್ಥಾನವನ್ನು ಒಪ್ಪಿಕೊಳ್ಳಿ. ಆದರೆ ನೀವು ಕೊಟ್ಟಿರುವ ಕಾರಣ ನನಗೆ ಒಪ್ಪಿಗೆಯಾಗುತ್ತಿಲ್ಲ. ರಾಜತಂತ್ರದ ದೃಷ್ಟಿಯಿಂದ ಅದು ಸರಿಯೇ ಇರಬಹುದು; ಆದರೆ ‘ಹೊರಗಿನವನು’ ಎಂಬುದು ಮೂಲತಃ ನಿಮ್ಮ ಮಾತಲ್ಲ. ಎಲ್ಲಿಯೋ ಸಿಕ್ಕಿದ ಪರಕುಲದ ಹುಡುಗನನ್ನು ಅರಸರು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ ಎಂದು ಗಣ್ಯರು ನಿಮ್ಮ ಬೆನ್ನ ಹಿಂದೆ ಆಡಿಕೊಂಡ ಮಾತನ್ನು ನೀವೀಗ ನಿಮ್ಮದೇ ದನಿಯಲ್ಲಿ ಹೇಳುತ್ತಿದ್ದೀರಿ.

ಈ 34 ವರ್ಷಗಳಲ್ಲಿ ನೀವು ಮಾಡಿದ್ದನ್ನೆಲ್ಲ ನೆನೆದರೆ, ಯಾರೂ ಕೇಳದಿದ್ದಾಗಲೂ ನಿಷ್ಠೆಯ ಸಾಕ್ಷಿ ಒದಗಿಸುತ್ತಲೇ ಬಂದ ಮನುಷ್ಯನೊಬ್ಬ ಕಾಣುತ್ತಾನೆ. ಅರಸರು ಕುದುರೆಗಳನ್ನು ನೋಡಲು ಕುಳಿತ ದಿನ ಉಳಿದ ಲಾಯದ ಆಳುಗಳೆಲ್ಲ ಅಂತಃಪುರದ ಸ್ತ್ರೀಯರತ್ತ ಕದ್ದು ನೋಡಿದರೂ ನೀವು ಕಣ್ಣೆತ್ತಲಿಲ್ಲ. ಅರಸರೇ ಬಯಸಿದರೂ ನಿಮ್ಮ ಮಗಳನ್ನು ಅಂತಃಪುರಕ್ಕೆ ಕಳುಹಿಸಲಿಲ್ಲ. ಕಳೆದ ವರ್ಷ ಆಸ್ಥಾನದ ಅಧಿಕಾರಿ ಮಾಂಗ್ ಹೆಲ್ವೊ ಕತ್ತಿ ಹಿಡಿದು ಅರಸರ ಶಯನಾಗಾರಕ್ಕೆ ನುಗ್ಗಿದಾಗ ಅವನನ್ನು ತಬ್ಬಿ ಹಿಡಿದು ಕೆಡವಿದವರೂ ನೀವೇ.

ಮತ್ತು ನಿಮ್ಮ ಹಿರಿಯ ಮಗ. ಅರಸರ ಕೊರಳಿಗೆ ಹಿಂದಿನಿಂದ ಜೋತುಬಿದ್ದು ಆಡುತ್ತಿದ್ದ ಆ ಮಗು ಬೆಳೆದು ಅರಮನೆಯ ಹೆಂಗಸರೊಡನೆ ಸಲಿಗೆಯಿಂದ ವರ್ತಿಸಿದ್ದನ್ನು ಕಂಡು ನೀವು ಅವನನ್ನು ಕೊಂದಿರಿ. ಅರಸರು ಮೊದಲು ಸಿಟ್ಟಾದರು, ಆಮೇಲೆ ಅತ್ತರು, ಕೊನೆಗೆ ನಿಮ್ಮನ್ನು ಇನ್ನಷ್ಟು ಗೌರವಿಸಿದರು. ಆಸ್ಥಾನ ಅದನ್ನು ನಿಮ್ಮ ಹಿರಿಮೆಯೆಂದು ಬರೆದಿಟ್ಟುಕೊಳ್ಳಬಹುದು, ನಾನು ಹಾಗೆ ಕರೆಯಲಾರೆ. ಹಾನ್ ಮನೆತನದ ಮಂತ್ರಿಯೊಬ್ಬರಾಗಿದ್ದರೆ ಮಗನನ್ನು ಗದರಿಸಿಯೋ ದೂರದ ಊರಿಗೆ ಕಳುಹಿಸಿಯೋ ಸುಮ್ಮನಾಗುತ್ತಿದ್ದರೇನೋ. ನಿಮಗೆ ಅಷ್ಟು ಅವಕಾಶವೂ ಇದೆಯೆಂದು ಅನ್ನಿಸಲಿಲ್ಲ; ಹುಡುಗನೊಬ್ಬನ ತಪ್ಪು ಇಡೀ ಕುಲದ ತಪ್ಪಾಗಿಬಿಡುತ್ತದೆಂಬ ಭಯ ನಿಮ್ಮ ಕೈಯಲ್ಲಿ ಆ ಕೆಲಸ ಮಾಡಿಸಿತೆಂದು ನಾನು ಭಾವಿಸುತ್ತೇನೆ. ಮೊದಲ ಸ್ಥಾನ ಬೇಡವೆನ್ನಲು ನನಗೆ ಕಾಣುವ ಕಾರಣ ಇದೇ. ಆ ಪೀಠದಲ್ಲಿ ಕುಳಿತವರ ಮೇಲೆ ದಿನವೂ ಸಂಶಯದ ಕಣ್ಣಿರುತ್ತದೆ, ಸಾಕ್ಷಿ ಕೇಳಿದಾಗಲೆಲ್ಲ ಕೊಡುವುದು ನಿಮಗೆ ರೂಢಿಯಾಗಿಬಿಟ್ಟಿದೆ, ಕೊಡಲು ಇನ್ನು ಉಳಿದಿರುವವರು ಚಿಕ್ಕ ಮಕ್ಕಳು.

ತಂದೆಯ ಬಗ್ಗೆ ನೀವು ಒಂದು ಸಾಲನ್ನೂ ಬರೆದಿಲ್ಲ. ಹಾನ್ ಸೇನಾಪತಿ ಹ್ವೊ ಚೂಬಿಂಗನ ದಂಡಯಾತ್ರೆಗಳಿಂದ ಸೋತು ಬಸವಳಿದಿದ್ದ ಅವರು ಇನ್ನೊಬ್ಬ ಶಿಯೋಂಗ್ನು ರಾಜನಾದ ಹುನ್ಯೆಯೊಂದಿಗೆ ಹಾನ್ ಅರಸರಿಗೆ ಶರಣಾಗಲು ಒಪ್ಪಿ, ಮತ್ತೆ ಮನಸ್ಸು ಬದಲಿಸಿದ್ದಕ್ಕೆ ಅದೇ ಹುನ್ಯೆಯ ಕೈಯಲ್ಲಿ ಸತ್ತರು. ಅವರ ಪೂಜೆಯ ಚಿನ್ನದ ಮೂರ್ತಿ ಸೇನೆಯ ಪಾಲಾಯಿತು. ಅದರ ನೆನಪಿಗೇ ಅರಸರು ನಿಮಗೆ ‘ಜಿನ್’, ಅಂದರೆ ಚಿನ್ನ, ಎಂಬ ಮನೆತನದ ಹೆಸರು ಕೊಟ್ಟರು. ನಿಮ್ಮನ್ನು ಯಾರು ಕರೆದರೂ ಆ ದಿನದ ಸೋಲನ್ನೇ ಕರೆದಂತೆ. ಈಗ ನೀವು ಜೊತೆಗೂಡಿ ದುಡಿಯಬೇಕಾದ ಹ್ವೊ ಗ್ವಾಂಗ್ ಆ ಚೂಬಿಂಗನ ಮಲತಮ್ಮ. ಇದು ನಿಮ್ಮನ್ನು ಚುಚ್ಚುವುದೇ ಇಲ್ಲವೆಂದರೆ ನಾನು ನಂಬುವುದಿಲ್ಲ. ಆದರೂ ಅಣ್ಣನ ಯುದ್ಧದ ಲೆಕ್ಕವನ್ನು ತಮ್ಮನಿಂದ ಕೇಳಬೇಡಿ. ತನಗೆ ಸಿಗಬಹುದಾದ ಸ್ಥಾನವನ್ನು ನಿಮಗೆ ಬಿಟ್ಟುಕೊಡಲು ಮುಂದಾದವರು ಅವರು.

ಉಂಡ ಮನೆಯ ಋಣವೂ ಹುಟ್ಟಿದ ಮನೆಯ ಋಣವೂ ಒಂದನ್ನೊಂದು ಅಳಿಸಬೇಕೆಂದೇನೂ ಇಲ್ಲ, ಮತ್ತು ಇದು ನಿಮಗೆ ಗೊತ್ತಿದೆ. ನಿಮ್ಮ ತಾಯಿ ತೀರಿಕೊಂಡಾಗ ಅರಸರು ಗಾನ್‌ಚ್ವಾನ್ ಅರಮನೆಯಲ್ಲಿ ಅವರ ಚಿತ್ರ ಬರೆಸಿ ‘ಶಿಯೂಟು ರಾಜನ ರಾಣಿ’ ಎಂದು ಹೆಸರು ಹಾಕಿಸಿದರಲ್ಲವೇ? ಅದನ್ನು ಕಂಡಾಗಲೆಲ್ಲ ನೀವು ನಮಸ್ಕರಿಸಿ ಅತ್ತ ಮೇಲೆಯೇ ಮುಂದೆ ಹೋಗುತ್ತೀರಿ. ಇಡೀ ಆಸ್ಥಾನದ ಎದುರು ಶಿಯೋಂಗ್ನು ಮಗನಾಗಿ ಅತ್ತದ್ದರಿಂದ ನಿಮ್ಮ ನಿಷ್ಠೆಗೇನೂ ಕುಂದು ಬರಲಿಲ್ಲ.

ಆದ್ದರಿಂದ ಹ್ವೊ ಗ್ವಾಂಗರಿಗೆ ‘ಎರಡನೆಯವನಾಗಿ ನಿಲ್ಲುತ್ತೇನೆ’ ಎಂದಷ್ಟೇ ಹೇಳಿ, ಹೊರಗಿನವನೆಂಬ ಕಾರಣ ಸೇರಿಸಬೇಡಿ. ಆಮೇಲೆ ನಿಮ್ಮ ಮಕ್ಕಳಾದ ಶಾಂಗ್ ಮತ್ತು ಜಿಯಾನ್‌ರನ್ನು ಕರೆಸಿಕೊಳ್ಳಿ. ಅವರು ಬಾಲಕ ಅರಸನ ಓರಗೆಯವರು, ನಾಳೆ ಅವನ ಜೊತೆಯಲ್ಲೇ ಮಲಗಿ ಏಳುವವರು. ಹಾಗಾಗಿ ಅಣ್ಣನಿಗೆ ಏನಾಯಿತೆಂಬುದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು ನಿಮ್ಮಿಂದ ಕೇಳಲಿ. ಮುಂದಿನ ಸಲ ಗಾನ್‌ಚ್ವಾನ್‌ಗೆ ಹೋಗುವಾಗ ಇಬ್ಬರನ್ನೂ ಕರೆದೊಯ್ದು, ಅಜ್ಜಿಯ ಚಿತ್ರದ ಮೇಲಿನ ಹೆಸರನ್ನು ಅವರಿಂದಲೇ ಓದಿಸಿ, ಆ ಶಿಯೂಟು ರಾಜ ಯಾರೆಂದು ತಿಳಿಸಿ.