ಟಿವಿ ನಿಧಾನ ಆಯ್ತು ಅಂತ ಟಿವಿಯನ್ನೇ ಬದಲಿಸಬೇಕಾ?

ಪ್ರಶ್ನೆ: ನಮ್ಮದು ಕಾಪು. ಮನೆಯಲ್ಲಿ 43 ಇಂಚಿನ ಸ್ಮಾರ್ಟ್ ಟಿವಿ ಇದೆ, ತಗೊಂಡು ಐದು ವರ್ಷ ಆಯಿತು. ಚಿತ್ರ ಈಗಲೂ ಚೆನ್ನಾಗಿದೆ. ಆದರೆ ರಿಮೋಟ್ ಒತ್ತಿ ಸುಮಾರು ಹೊತ್ತು ಕಾಯಬೇಕು. ಒಂದು ಆ್ಯಪ್ ಅಂತೂ ತೆರೆಯುವುದೇ ಇಲ್ಲ. ಉಡುಪಿಯ ಅಂಗಡಿಯವರು ಹೊಸ ಟಿವಿ ತಗೊಳ್ಳಿ ಅಂತಾರೆ. ಬೆಂಗಳೂರಿನಲ್ಲಿರುವ ಮಗ, ಟಿವಿಯ ಎಚ್‌ಡಿಎಂಐ ಪೋರ್ಟಿಗೆ ಸಿಕ್ಕಿಸಿ ಆ್ಯಪ್ ನಡೆಸುವ ಸ್ಟಿಕ್ ಸಾಕು ಅಂತಾನೆ. ಅಮ್ಮನಿಗೆ ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನದ ಆಟ ನೋಡಬೇಕು. ಅವರಿಗೆ ಎರಡು ರಿಮೋಟ್ ಕೊಟ್ಟರೆ ಆಗುವುದಿಲ್ಲ. ಏನು ಮಾಡಲಿ?

ಉತ್ತರ: ಮಗ ಹೇಳಿದ್ದೇ ಸರಿ ಇರಬಹುದು. ಆದರೆ ಸ್ಟಿಕ್ ತರಿಸುವ ಮೊದಲು, ನಿಧಾನ ಆಗಿರುವುದು ಟಿವಿಯೋ ಇಂಟರ್ನೆಟ್ಟೋ ಅಂತ ನೋಡಿಕೊಳ್ಳಿ. ಬಹಳ ಜನ ಇಲ್ಲೇ ದುಡ್ಡು ಕಳಕೊಳ್ಳುವುದು.

ಟಿವಿಯ ಹೋಮ್ ಸ್ಕ್ರೀನಿನಲ್ಲಿ ರಿಮೋಟಿನಿಂದ ಸುಮ್ನೆ ಆಚೆ ಈಚೆ ಹೋಗಿ. ಅಲ್ಲೇ ತಡವರಿಸಿದರೆ ತೊಂದರೆ ಟಿವಿಯ ಒಳಗಿದೆ. ಮೆನು ಚುರುಕಾಗಿದ್ದು ವಿಡಿಯೋ ಮಾತ್ರ ನಿಂತು ನಿಂತು ಬಂದರೆ ಅದು ಹೆಚ್ಚಾಗಿ ವೈ-ಫೈ ತೊಂದರೆ. ನಮ್ಮ ಕಡೆಯ ಕೆಂಪು ಕಲ್ಲಿನ ದಪ್ಪ ಗೋಡೆಗಳಲ್ಲಿ, ಅದರಲ್ಲೂ ರೂಟರ್ ಚಾವಡಿಯಲ್ಲಿದ್ದು ಟಿವಿ ಒಳಗಿನ ಕೋಣೆಯಲ್ಲಿದ್ದರೆ, ಸಿಗ್ನಲ್ ಸೊರಗುತ್ತದೆ. 2.4 ಗಿಗಾಹರ್ಟ್ಸ್‌ಗಿಂತ 5 ಗಿಗಾಹರ್ಟ್ಸ್ ವೈ-ಫೈ ವೇಗವೇನೋ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ಹಾಗಿದ್ದರೆ ಸ್ಟಿಕ್ ಹಾಕಿದರೂ ಅದೇ ಗೋಳು. ಟಿವಿಯ ಹಿಂದೆ ಇಂಟರ್ನೆಟ್ ವಯರ್ ಚುಚ್ಚುವ ಲ್ಯಾನ್ ಪೋರ್ಟ್ ಇದ್ದರೆ ರೂಟರಿನಿಂದ ಒಂದು ವಯರ್ ಎಳೆಸಿ. ಆ ಪೋರ್ಟಿನ ವೇಗ ಹೆಚ್ಚಾಗಿ 100 ಎಂಬಿಪಿಎಸ್‌ಗೇ ಮುಗಿಯುತ್ತದೆ. ಅದು ಧಾರಾಳ ಆಯಿತು. 4ಕೆ ಸಿನಿಮಾಕ್ಕೂ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5.

ನೀವು ಬರೆದದ್ದು ನೋಡಿದರೆ ನಿಮ್ಮದು ಟಿವಿಯ ತೊಂದರೆಯೇ. ಕಾರಣ ಸರಳ. ಸ್ಮಾರ್ಟ್ ಟಿವಿ ಅಂದರೆ ಒಂದು ಪರದೆ ಮತ್ತು ಅದರ ಬೆನ್ನಿಗೆ ಒಂದು ಸಣ್ಣ ಕಂಪ್ಯೂಟರ್. ಕಡಿಮೆ ಬೆಲೆಯ ಟಿವಿಗಳಲ್ಲಿ ಆ ಕಂಪ್ಯೂಟರಿಗೆ ಒಂದು, ಒಂದೂವರೆ ಜಿಬಿ ರ‍್ಯಾಮ್ (ಕೆಲಸ ಮಾಡುವಾಗ ಬಳಸುವ ಮೆಮೊರಿ) ಮತ್ತು ಆ್ಯಪ್ ಇಡಲು 8 ಜಿಬಿ ಜಾಗ ಇದ್ದರೆ ಹೆಚ್ಚು. ಆ ಜಾಗದಲ್ಲೂ ಒಂದು ಪಾಲನ್ನು ಸಾಫ್ಟ್‌ವೇರೇ ನುಂಗಿರುತ್ತದೆ. ಆ್ಯಪ್‌ಗಳು ವರ್ಷ ವರ್ಷ ದಪ್ಪ ಆಗುತ್ತವೆ, ಟಿವಿ ಕಂಪನಿ ಅಪ್‌ಡೇಟ್ ನಿಲ್ಲಿಸುತ್ತದೆ. ಒಂದು ದಿನ ಯಾವುದೋ ಆ್ಯಪ್ 'ಈ ಟಿವಿಯಲ್ಲಿ ನಡೆಯುವುದಿಲ್ಲ' ಅನ್ನುತ್ತದೆ. ಪರದೆಗೆ ಏನೂ ಆಗಿರುವುದಿಲ್ಲ. ಅಂಗಡಿಯವರು ನಿಮಗೆ ಹೇಳದೆ ಬಿಟ್ಟದ್ದು ಇದನ್ನೇ.

ಮೊದಲು ಖರ್ಚಿಲ್ಲದ ಕೆಲಸ ಮಾಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಟಿವಿ ಪೂರ್ತಿ ಆಫ್ ಆಗುವುದಿಲ್ಲ, ಮಲಗುತ್ತದೆ ಅಷ್ಟೇ. ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಮಾಡಿ. ನೋಡದ ಆ್ಯಪ್‌ಗಳನ್ನು ತೆಗೆದುಹಾಕಿ. ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದೆಯಾ ನೋಡಿ. ಯಾವುದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ (ಎಲ್ಲ ಅಳಿಸಿ ಟಿವಿ ಹೊಸದರ ಹಾಗೆ ಆಗುತ್ತದೆ), ಬೇಕಾದ ಮೂರು ನಾಲ್ಕು ಆ್ಯಪ್ ಮಾತ್ರ ಹಾಕಿ. ಪಾಸ್‌ವರ್ಡ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮಗನಿಗೆ ಹತ್ತು ಸಲ ಫೋನ್ ಹೋಗುತ್ತದೆ. ಇಷ್ಟಕ್ಕೇ ಇನ್ನೊಂದು ವರ್ಷ ದೂಡಿದವರಿದ್ದಾರೆ.

ಆಗಲೂ ಸರಿ ಹೋಗದಿದ್ದರೆ ಸ್ಟಿಕ್ ತರಿಸಿ. ಅದಕ್ಕೂ ಮುಂಚೆ ಮನೆಯ ಕಪಾಟು ಒಮ್ಮೆ ನೋಡಿ. ಕೆಲವು ಫೈಬರ್ ಕನೆಕ್ಷನ್‌ಗಳ ಜೊತೆ ಸ್ಟಿಕ್ಕಿನ ಕೆಲಸವನ್ನೇ ಮಾಡುವ ಒಂದು ಆಂಡ್ರಾಯ್ಡ್ ಬಾಕ್ಸ್ ಬರುತ್ತದೆ, ಎಷ್ಟೋ ಮನೆಗಳಲ್ಲಿ ಅದನ್ನು ಬಿಚ್ಚಿಯೇ ಇರುವುದಿಲ್ಲ. ಸ್ಟಿಕ್ಕೇ ತಗೊಳ್ಳುವುದಾದರೆ, ಟಿವಿ ಫುಲ್ ಎಚ್‌ಡಿ ಆಗಿದ್ದರೆ ಎಚ್‌ಡಿ ಸ್ಟಿಕ್ ಸಾಲುತ್ತದೆ. ನಾಳೆ 4ಕೆ ಟಿವಿ ತರುವ ಯೋಚನೆ ಇದ್ದರೆ ಈಗಲೇ 2 ಜಿಬಿ ರ‍್ಯಾಮಿನ 4ಕೆ ಸ್ಟಿಕ್ ತಗೊಳ್ಳಿ, ಅದು ಹೊಸ ಟಿವಿಗೂ ಬರುತ್ತದೆ.

ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ 'ಎಲ್ಲ ಚಾನೆಲ್ ಫ್ರೀ' ಅಂತ ಹೆಸರೇ ಕೇಳದ ಬಾಕ್ಸ್‌ಗಳು ಸಿಗುತ್ತವೆ. ಅವುಗಳ ಹತ್ತಿರ ಹೋಗಬೇಡಿ ಮಾರಾಯ್ರೆ. ಅಂಥ ಹಲವು ಬಾಕ್ಸ್‌ಗಳಲ್ಲಿ ಫ್ಯಾಕ್ಟರಿಯಿಂದಲೇ ವೈರಸ್ ಕೂತಿರುತ್ತದೆ. 2025ರ ಜೂನಿನಲ್ಲಿ ಅಮೆರಿಕದ ಎಫ್‌ಬಿಐ 'ಬ್ಯಾಡ್‌ಬಾಕ್ಸ್ 2.0' ಹೆಸರಿನ ಜಾಲದ ಬಗ್ಗೆ ಎಚ್ಚರಿಕೆ ಕೊಟ್ಟದ್ದು ಇದೇ ಕಾರಣಕ್ಕೆ. ನಿಮ್ಮ ಮನೆಯ ಇಂಟರ್ನೆಟ್ಟನ್ನು ಬೇರೆಯವರ ಕಳ್ಳ ಕೆಲಸಕ್ಕೆ ಬಳಸುವ ಜಾಲ ಅದು. ಇನ್ನೊಂದು ತೊಂದರೆ: ವೈಡ್‌ವೈನ್ ಎಲ್1 ಅನ್ನುವ ಪರವಾನಗಿ ಇಲ್ಲದ ಆಂಡ್ರಾಯ್ಡ್ ಬಾಕ್ಸ್‌ನಲ್ಲಿ ನೆಟ್‌ಫ್ಲಿಕ್ಸ್ ಎಚ್‌ಡಿ ಬರುವುದಿಲ್ಲ. ಡಬ್ಬದ ಮೇಲೆ ದೊಡ್ಡದಾಗಿ 4ಕೆ ಅಂತ ಬರೆದಿದ್ದರೂ ಕಾಣುವುದು ಮಸುಕು ಚಿತ್ರವೇ.

ಇನ್ನು ಅಮ್ಮನ ರಿಮೋಟ್. ನನ್ನ ಪ್ರಕಾರ ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದದ್ದು ಇದೇ, ರ‍್ಯಾಮ್ ಗೀಮ್ ಎಲ್ಲ ಆಮೇಲೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ-ಸಿಇಸಿ ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಇದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಇದು ಆನ್ ಇದ್ದರೆ ಸ್ಟಿಕ್ಕಿನ ರಿಮೋಟ್ ಒತ್ತಿದ ಕೂಡಲೇ ಟಿವಿಯೂ ಆನ್ ಆಗಿ ಸರಿಯಾದ ಇನ್‌ಪುಟ್‌ಗೆ ಬರುತ್ತದೆ. ಈಗಿನ ಹೆಚ್ಚಿನ ಸ್ಟಿಕ್ ರಿಮೋಟ್‌ಗಳಲ್ಲಿ ವಾಲ್ಯೂಮ್ ಬಟನ್ನೂ ಇದೆ. ಟಿವಿಯ ರಿಮೋಟನ್ನು ಎತ್ತಿ ಕಪಾಟಿನಲ್ಲಿಡಿ. ಕೇಬಲ್ ಚಾನೆಲ್ ನೋಡುವುದಿದ್ದರೆ ಮಾತ್ರ ಸೆಟ್‌ಟಾಪ್ ಬಾಕ್ಸ್‌ನ ರಿಮೋಟ್ ಒಂದು ಹೊರಗೆ ಉಳಿಯುತ್ತದೆ, ಅದಕ್ಕೆ ದಾರಿ ಇಲ್ಲ. ಮೈಕ್ ಬಟನ್ ಒತ್ತಿ ಪ್ರಸಂಗದ ಹೆಸರು ಹೇಳಿ ಹುಡುಕುವುದನ್ನೂ ಅಮ್ಮನಿಗೆ ಕಲಿಸಿ. ಟೈಪ್ ಮಾಡುವ ಕಷ್ಟ ಇಲ್ಲ ಅಂತ ಗೊತ್ತಾದರೆ ಅವರೇ ನಿಮಗಿಂತ ಜಾಸ್ತಿ ಬಳಸುತ್ತಾರೆ.

ಸ್ಟಿಕ್ಕಿಗೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ. ಅಲ್ಲಿ ಸಿಗುವ ಕರೆಂಟ್ ಸಾಲದೆ ಸ್ಟಿಕ್ ನಡುನಡುವೆ ತಾನಾಗಿ ಆಫ್ ಆಗಬಹುದು. ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ. ಸಿಡಿಲಿನ ದಿನಗಳಲ್ಲಿ, ಅಂದರೆ ಏಪ್ರಿಲ್-ಮೇ ತಿಂಗಳಲ್ಲಿ ಮತ್ತು ಅಕ್ಟೋಬರ್ ಹೊತ್ತಿಗೆ, ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಡಿಶ್ ಅಥವಾ ಕೇಬಲ್ ವಯರ್ ಮತ್ತು ಲ್ಯಾನ್ ವಯರನ್ನೂ ತೆಗೆಯಿರಿ. ಫೈಬರ್ ಗಾಜಿನ ಎಳೆ, ಅದರೊಳಗೆ ಕರೆಂಟ್ ಹರಿಯುವುದಿಲ್ಲ. ಆದರೆ ರೂಟರಿನ ಅಡಾಪ್ಟರ್ ಮತ್ತು ಲ್ಯಾನ್ ವಯರಿನಲ್ಲಿ ಹರಿಯುತ್ತದೆ. ಡಿಶ್ ವಯರಿನಲ್ಲಿ ಬಂದ ಹೊಡೆತ ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ ಮೂಲಕ ಟಿವಿಯ ಬೋರ್ಡಿಗೂ ಹೋಗಬಹುದು. ಆಗ ಬಾಕ್ಸೂ ಇಲ್ಲ, ಟಿವಿಯೂ ಇಲ್ಲ.

ಪ್ರಶ್ನೆ: ಸುರತ್ಕಲ್‌ನಿಂದ ಬರೆಯುತ್ತಿದ್ದೇನೆ. ಅಣ್ಣ ದುಬೈಯಿಂದ ತಂದ ಟಿವಿಯಲ್ಲಿ ನಮ್ಮ ಕೆಲವು ಆ್ಯಪ್ ಸಿಗುವುದೇ ಇಲ್ಲ. ಟಿವಿ ಹಾಳಾಗಿದೆಯಾ?

ಉತ್ತರ: ಇಲ್ಲ. ಟಿವಿಗೆ ತಾನು ಇನ್ನೂ ದುಬೈಯಲ್ಲೇ ಇದ್ದೇನೆ ಅನ್ನುವ ಭ್ರಮೆ. ಆ್ಯಪ್ ಸ್ಟೋರ್ ದೇಶ ನೋಡಿ ಆ್ಯಪ್ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದೇಶ ಬದಲಿಸಲು ಆಗುತ್ತದಾ ನೋಡಿ, ಕೆಲವು ಟಿವಿಗಳಲ್ಲಿ ರೀಸೆಟ್ ಮಾಡಿ ಮೊದಲಿನಿಂದ ಸೆಟ್ಟಪ್ ಮಾಡಬೇಕಾಗುತ್ತದೆ. ಆಗಲೂ ಭಾರತ ಅಂತ ಕಾಣದಿದ್ದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಲ್ಲಿ ಕೊಂಡ ಸ್ಟಿಕ್ ಹಾಕಿ, ಇಲ್ಲಿನ ಅಕೌಂಟಿನಿಂದ ಲಾಗಿನ್ ಆಗಿ. ಟಿವಿ ಬರೀ ಪರದೆಯಾಗಿ ಇರಲಿ. ಅದರ ಇಂಟರ್ನೆಟ್ಟನ್ನೇ ತೆಗೆದುಬಿಡಿ, ನೀವು ಏನು ನೋಡುತ್ತೀರಿ ಅಂತ ಅದು ಕಂಪನಿಗೆ ವರದಿ ಕಳಿಸುವುದೂ ನಿಲ್ಲುತ್ತದೆ. ಅಂದಹಾಗೆ, ವಿಮಾನದಲ್ಲಿ ಟಿವಿ ತರುವ ಲಾಭ ಮುಗಿದು ಎಷ್ಟೋ ಕಾಲ ಆಯಿತು. 2013ರ ಆಗಸ್ಟ್‌ನಲ್ಲೇ ಫ್ಲಾಟ್ ಟಿವಿಗಳಿಗಿದ್ದ ಸುಂಕದ ರಿಯಾಯಿತಿ ತೆಗೆದುಹಾಕಿದರು. ವಾರಂಟಿ ಇಲ್ಲಿ ನಡೆಯುವುದೂ ಅನುಮಾನ.

ಪ್ರಶ್ನೆ: ಮಣಿಪಾಲದಲ್ಲಿ ಹೊಸ ಫ್ಲ್ಯಾಟ್. 55 ಇಂಚಿನ ಟಿವಿ ಬೇಕು. ಟಿವಿ ಜೊತೆಗೇ ಬಾಕ್ಸ್ ಕೂಡ ತಗೊಳ್ಳಲಾ?

ಉತ್ತರ: ಈಗಲೇ ಬೇಡ. ಹೊಸ ಟಿವಿ ಚುರುಕಾಗಿಯೇ ಇರುತ್ತದೆ. ಆ ದುಡ್ಡನ್ನು ಒಳ್ಳೆಯ ಪರದೆಗೆ ಹಾಕಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಅದೂ ನಿಮಗೆ ಅನುಕೂಲ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಅಂಗಡಿಯಲ್ಲಿ ಕೇಳಿ. ಸ್ಯಾಮ್‌ಸಂಗ್ 2024ರಿಂದ ಈಚಿನ ಮಾಡೆಲ್‌ಗಳಿಗೆ ಏಳು ವರ್ಷ ಅಂದಿದೆ. ಎಲ್‌ಜಿ ಐದು ವರ್ಷದಲ್ಲಿ ನಾಲ್ಕು ಅಪ್‌ಗ್ರೇಡ್ ಅಂದಿದೆ. ಯಾವ ಮಾಡೆಲ್‌ಗೆ ಅಂತ ಖಚಿತ ಮಾಡಿಕೊಂಡೇ ದುಡ್ಡು ಕೊಡಿ. ಮನೆಯವರೆಲ್ಲ ಐಫೋನ್ ಬಳಸುವವರಾದರೆ ಮಾತ್ರ ಮುಂದೆ ಆ್ಯಪಲ್ ಟಿವಿ 4ಕೆ ಅನ್ನುವ ಬಾಕ್ಸ್ ಯೋಚಿಸಬಹುದು. 2022ರಲ್ಲಿ ಬಂದಾಗಲೇ ಅದರ ಬೆಲೆ 14,900 ರೂಪಾಯಿ ಇತ್ತು.

ಟಿವಿಯನ್ನು ಗೋಡೆಗೆ ಕೂರಿಸುವವರು ಬಂದಾಗ ನೀವು ಪಕ್ಕದಲ್ಲೇ ಇರಿ. ಒಂದು ಎಚ್‌ಡಿಎಂಐ ಪೋರ್ಟ್ ಖಾಲಿ ಉಳಿಯಬೇಕು, ಅಲ್ಲಿಗೆ ಕೈ ಹೋಗುವಷ್ಟು ಜಾಗವೂ ಇರಬೇಕು. ಅದರ ಹತ್ತಿರವೇ ಒಂದು ಪ್ಲಗ್ ಪಾಯಿಂಟ್ ಹೆಚ್ಚಿಗೆ ಹಾಕಿಸಿ.